ಆ ಬೀರುವಿನ ಬೀಗ ತೆಗೆಸಿ: ಕೊಡಗಿನ ಗ್ರಂಥಾಲಯಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗು ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯಗಳ ಮತ್ತು ಕಾಲೇಜು ಗ್ರಂಥಾಲಯಗಳ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,
ಜಿಲ್ಲೆಯ ಜನಪ್ರತಿನಿಧಿಗಳಿಗೆ.

ಮಾನ್ಯರೇ,

ನಮಸ್ಕಾರ. ನಾನು ಈ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕೊಡಗು ತನ್ನದೇ ರಾಜ್ಯವಾಗಿದ್ದ ವರ್ಷಗಳ ಬಗ್ಗೆ ಸಂಶೋಧನೆಯನ್ನೂ ಮಾಡುತ್ತಿದ್ದೇನೆ. ಈ ಪತ್ರವನ್ನು ಎರಡು ವರ್ಷದಿಂದ ಮನಸ್ಸಿನಲ್ಲೇ ಬರೆಯುತ್ತಿದ್ದೆ. ಈಗ ಕಾಗದಕ್ಕೆ ಇಳಿಸಲು ಕಾರಣ ನನ್ನ ಒಬ್ಬ ವಿದ್ಯಾರ್ಥಿನಿ.

ಕಳೆದ ವರ್ಷ ಅಂತಿಮ ಪದವಿ ತರಗತಿಯಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಪಾಠ ನಡೆಯುತ್ತಿತ್ತು. 1952ರಲ್ಲಿ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು ಎಂದು ಹೇಳಿದೆ. 24 ಸದಸ್ಯರು. ಕಾಂಗ್ರೆಸ್ಸಿನವರು 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅವರನ್ನೂ ಸೇರಿಸಿ ಇಬ್ಬರೇ ಮಂತ್ರಿಗಳು. ಮೈಸೂರಿನ ಜೊತೆ ಸೇರಬೇಕೋ ಬೇಡವೋ ಎಂಬ ವಾದ ಊರೂರಲ್ಲಿ ನಡೆದಿತ್ತು. ಕೊಡಗು ಪ್ರತ್ಯೇಕವಾಗಿಯೇ ಇರಲಿ ಎಂದು ಪಂದ್ಯಂಡ ಬೆಳ್ಯಪ್ಪನವರಂಥ ಗಾಂಧಿವಾದಿಗಳು ಹಟ ಹಿಡಿದಿದ್ದರು. ಕೊನೆಗೆ 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆ ವಿಧಾನಸಭೆಯೂ ಅಲ್ಲಿಗೆ ಮುಗಿಯಿತು. ಮಡಿಕೇರಿ ಕೋಟೆಯ ಒಳಗಿನ ಸಭಾಂಗಣವನ್ನು ಜನ ಇವತ್ತಿಗೂ ‘ಹಳೆ ವಿಧಾನಸಭಾಂಗಣ’ ಅಂತಲೇ ಕರೆಯುತ್ತಾರೆ.

ಪಾಠ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಅಮ್ಮ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಇರುವವರು. ಹೆಚ್ಚು ಮಾತಾಡುವ ಹುಡುಗಿ ಅಲ್ಲ. "ಮೇಡಂ, ಆ 24 ಜನ ಅಲ್ಲಿ ಕೂತು ಏನು ಮಾತಾಡಿದ್ರು? ತೋಟದ ಕೆಲಸದವರ ಬಗ್ಗೆ ಯಾರಾದ್ರೂ ಮಾತಾಡಿದ್ರಾ? ಅದನ್ನ ಎಲ್ಲಿ ಓದ್ಬಹುದು?" ಎಂದು ಕೇಳಿದಳು.

ರಾಜ್ಯಶಾಸ್ತ್ರದ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಸಭೆ ಎಂದಮೇಲೆ ಅದರ ನಡಾವಳಿ ಇರುತ್ತದೆ. ಯಾರು ಏನು ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು, ಮತ ಹೇಗೆ ಬಿತ್ತು, ಎಲ್ಲವನ್ನೂ ಬರೆದಿಡುತ್ತಾರೆ. ಆದರೆ ಅದನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಓದಬಹುದು ಎಂದು ಆ ಹುಡುಗಿಗೆ ಹೇಳಲು ನನ್ನಿಂದ ಆಗಲಿಲ್ಲ. "ಗ್ರಂಥಾಲಯದಲ್ಲಿ ಕೇಳಿ ನೋಡು" ಎಂದೆ. ಆ ಮಾತು ಹೇಳುವಾಗಲೇ ನನ್ನ ದನಿ ಸಣ್ಣದಾಗಿತ್ತು.

ಅವಳು ಕೇಳಿದಳು. ಒಂದು ಸಲ ಅಲ್ಲ, ಮೂರು ಸಲ. ಯಾವ ಗ್ರಂಥಾಲಯ, ಯಾವ ಊರು ಎಂದು ಇಲ್ಲಿ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಬಾಗಿಲು ತೆಗೆಯಬೇಕು, ಕಸ ಗುಡಿಸಬೇಕು, ಪೇಪರ್ ಜೋಡಿಸಬೇಕು, ಲೆಕ್ಕ ಬರೆಯಬೇಕು. ಮೊದಲ ಸಲ ಹೋದಾಗ "ರೆಫರೆನ್ಸ್ ಪುಸ್ತಕ ಆ ಬೀರುವಿನಲ್ಲಿದೆ, ಕೀ ಇರೋರು ರಜೆ" ಎಂದರು. ಎರಡನೇ ಸಲ ಕೀ ಸಿಗಲಿಲ್ಲ. ಮೂರನೇ ಸಲ "ನಿಂಗೆ ಯಾವ ಪುಸ್ತಕ ಬೇಕು ಅಂತ ಹೆಸರು ಬರ್ಕೊಂಡು ಬಾ" ಎಂದರು. ಹೆಸರು ಗೊತ್ತಿದ್ದರೆ ಅವಳು ಹುಡುಕುತ್ತಲೇ ಇರಲಿಲ್ಲ, ಅಲ್ವಾ? ಮೂರು ಸಲವೂ ಕೊನೆಯ ಬಸ್ಸು ಹಿಡಿದು, ಕತ್ತಲಾದ ಮೇಲೆ ಮನೆ ಮುಟ್ಟಿದಳು.

ನಾಲ್ಕನೇ ಸಲ ನಾನೂ ಜೊತೆಗೆ ಹೋದೆ. ಕೀ ಸಿಕ್ಕಿತು. ಗಾಜಿನ ಬಾಗಿಲಿನ ಮರದ ಬೀರು ಅದು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಬಾಗಿಲು ಬಿಗಿದಿತ್ತು. ಇಬ್ಬರು ಸೇರಿ ಎಳೆದಾಗ ತೆರೆದುಕೊಂಡಿತು. ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಸಾಲಿನಲ್ಲಿ 1965ರ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ, ಇತ್ತು. ಬೆನ್ನಿನ ಮೇಲೆ ಬೂದು ಬಣ್ಣದ ಬೂಷ್ಟು ರೋಮದ ಹಾಗೆ ಬೆಳೆದಿತ್ತು. ಒಳಗೆ ಮಡಿಸಿಟ್ಟ ನಕ್ಷೆ ಪಕ್ಕದ ಪುಟಕ್ಕೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಲು ಹೋದರೆ ಅಕ್ಷರಗಳೇ ಎದ್ದು ಬಂದವು. ನಾನು ಕೈ ತೆಗೆದುಬಿಟ್ಟೆ. ಕೆಳಗಿನ ಸಾಲಿನಲ್ಲಿ ನಾಲ್ಕು ದಪ್ಪ ಸಂಪುಟ. ಹೆಸರಿನ ಚೀಟಿ ಕಳಚಿ ಬಿದ್ದಿತ್ತು. ತೆರೆದು ನೋಡಿದರೆ 1950ರ ದಶಕದ ಕೂರ್ಗ್ ಗೆಜೆಟ್! ಸರ್ಕಾರಿ ಆದೇಶ, ನೇಮಕ, ಅಧಿಸೂಚನೆ ಎಲ್ಲ ಅಚ್ಚಾದ ಹಾಳೆಗಳು. ನಾನು ಎರಡು ವರ್ಷ ಹುಡುಕಿದ್ದರಲ್ಲಿ ಒಂದು ಭಾಗ ಅದು. ಗ್ರಂಥಾಲಯದ ರಿಜಿಸ್ಟರ್ ತರಿಸಿ ನೋಡಿದೆವು. ಆ ನಾಲ್ಕು ಸಂಪುಟಗಳಿಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: "ಇತರೆ – 4".

ನನ್ನ ವಿದ್ಯಾರ್ಥಿನಿ ತನ್ನ ದುಪಟ್ಟಾದ ತುದಿಯಿಂದ ಪುಟ ಒರೆಸುತ್ತಾ ಕೂತಳು. ಹೊರಗೆ ಮಳೆ. ಲೈಟು ಹೋಗಿತ್ತು. ಕಿಟಕಿ ಹತ್ತಿರ ಸರಿದು, ಮೊಬೈಲ್ ಟಾರ್ಚ್ ಹಿಡಿದು ಓದಿದಳು. ಒಂದೂವರೆ ಗಂಟೆ ತಲೆ ಎತ್ತಲಿಲ್ಲ. ಆ ದೃಶ್ಯ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮಾನ್ಯರೇ, ರೆಫರೆನ್ಸ್ ಎಂದರೆ ಮನೆಗೆ ಕೊಡದ ದಪ್ಪ ಪುಸ್ತಕ ಎಂದು ಹಲವರು ತಿಳಿದಿದ್ದಾರೆ. ರಾಜ್ಯಶಾಸ್ತ್ರದಲ್ಲಿ ಅದು ಬೇರೆಯೇ. ಪಠ್ಯಪುಸ್ತಕ ನಮಗೆ ಇನ್ನೊಬ್ಬರ ತೀರ್ಮಾನ ಕೊಡುತ್ತದೆ. ಆ ತೀರ್ಮಾನ ಸರಿಯೋ ತಪ್ಪೋ ನೋಡಬೇಕಾದರೆ ಮೂಲಕ್ಕೆ ಹೋಗಬೇಕು. ಸಂವಿಧಾನ ಸಭೆಯ ಚರ್ಚೆ, ಸಂಸತ್ತಿನ ಚರ್ಚೆ, ಆಯೋಗದ ವರದಿ, ಚುನಾವಣೆಯ ಅಂಕಿಅಂಶ, ಜನಗಣತಿಯ ಜಿಲ್ಲಾ ಕೈಪಿಡಿ, ಗೆಜೆಟ್, ಹಳೆಯ ಪತ್ರಿಕೆ. ಇವು ಮೂಲ. ಈ ಮೂಲಗಳಿಗೆ ದಾರಿ ತೋರಿಸಲು ಮತ್ತೊಂದು ಬಗೆಯ ಪುಸ್ತಕಗಳಿವೆ: ವಿಷಯ ನಿಘಂಟು, ವಿಶ್ವಕೋಶ, ವಾರ್ಷಿಕ ಪುಸ್ತಕ, ಗ್ರಂಥಸೂಚಿ. ಇವೆಲ್ಲಕ್ಕಿಂತ ದೊಡ್ಡ ದಾರಿದೀಪ ಎಂದರೆ ಮೇಜಿನ ಹಿಂದೆ ಕೂತ, ಎಲ್ಲಿ ಏನಿದೆ ಎಂದು ಬಲ್ಲ ಒಬ್ಬ ಗ್ರಂಥಪಾಲಕರು.

ಅಂಥ ಒಬ್ಬರು ಸಿಕ್ಕರೆ ಏನಾಗುತ್ತದೆ ಎಂದು ನನಗೆ ಸ್ವಂತ ಅನುಭವವಿದೆ. ಎರಡು ವರ್ಷದ ಹಿಂದೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಸುಮಾರು 250 ಕಿಲೋಮೀಟರ್. ಬೆಳಿಗ್ಗೆ ಇಳಿದು, ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು, ಒಂದು ಸರ್ಕಾರಿ ದಾಖಲೆ ಕೋಣೆಗೆ ಹೋದೆ. ಚೀಟಿಯಲ್ಲಿ "ಕೊಡಗು ವಿಧಾನಸಭೆ" ಎಂದು ಬರೆದು ಕೊಟ್ಟೆ. ಏನೂ ಸಿಗಲಿಲ್ಲ. ಎರಡನೇ ದಿನವೂ ಸಿಗಲಿಲ್ಲ. ಲಾಡ್ಜಿನ ದುಡ್ಡು, ಊಟದ ದುಡ್ಡು ಲೆಕ್ಕ ಹಾಕುತ್ತಾ ಕೂತಿದ್ದೆ. ಮೂರನೇ ದಿನ ಅಲ್ಲಿನ ಒಬ್ಬ ಹಿರಿಯ ಸಿಬ್ಬಂದಿ ಹತ್ತಿರ ಬಂದು ಕೇಳಿದರು: "ನಿಮಗೆ ಬೇಕಾದ್ದು ಯಾವ ವರ್ಷದ್ದಮ್ಮಾ? ಆಗ ಆ ಊರು ಯಾರ ಕೈಯಲ್ಲಿತ್ತು?" ಅಷ್ಟೇ ಕೇಳಿದ್ದು. "ಕೊಡಗು ಅಂತ ಹುಡುಕಬೇಡಿ, ಕೂರ್ಗ್ ಅಂತ ಹುಡುಕಿ. ಮಡಿಕೇರಿ ಅಂತ ಬೇಡ, ಮರ್ಕೆರಾ ಅಂತ ನೋಡಿ" ಎಂದರು. ಹತ್ತು ನಿಮಿಷದಲ್ಲಿ ಮೊದಲ ಕಟ್ಟು ಮೇಜಿನ ಮೇಲೆ ಬಂತು.

"ಆ ಊರು ಯಾರ ಕೈಯಲ್ಲಿತ್ತು?" ಕೊಡಗಿನ ರಾಜಕೀಯ ಓದುವವರಿಗೆಲ್ಲ ಮೊದಲು ಹೇಳಿಕೊಡಬೇಕಾದ ಪ್ರಶ್ನೆ ಇದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಕಷ್ಟ ಬೇರೆ ಜಿಲ್ಲೆಗಳಿಗಿಂತ ಯಾಕೆ ಜಾಸ್ತಿ ಎಂದು ಇದರಿಂದ ತಿಳಿಯುತ್ತದೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಕೊಡಗು ಮೈಸೂರು ಸಂಸ್ಥಾನದ ಭಾಗವಾಗಲೇ ಇಲ್ಲ. ಮದ್ರಾಸ್ ಪ್ರಾಂತ್ಯದ ಭಾಗವೂ ಆಗಲಿಲ್ಲ. ಅದು ಚೀಫ್ ಕಮಿಷನರ್ ಆಳುವ ಪುಟ್ಟ ಪ್ರಾಂತ್ಯ. 1881ರ ನಂತರ ಹಲವು ದಶಕ ಮೈಸೂರು ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್. ಅವರು ಕೂತಿದ್ದದ್ದು ಬೆಂಗಳೂರಿನಲ್ಲಿ, ಉತ್ತರ ಕೊಡುತ್ತಿದ್ದದ್ದು ಭಾರತ ಸರ್ಕಾರಕ್ಕೆ. ಹಾಗಾಗಿ ಕೊಡಗಿನ ಕಾಗದಪತ್ರ ಒಂದು ಕಡೆ ಇಲ್ಲ. ಕೆಲವು ಮಡಿಕೇರಿಯಲ್ಲಿ, ಕೆಲವು ಬೆಂಗಳೂರಿನಲ್ಲಿ, ಬಹಳಷ್ಟು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಮತ್ತೆ ಕೆಲವು ಲಂಡನ್ನಿನಲ್ಲಿ. 1924ರಲ್ಲಿ ಕೊಡಗಿಗೆ ಲೆಜಿಸ್ಲೇಟಿವ್ ಕೌನ್ಸಿಲ್ ಬಂತು. ಸಂವಿಧಾನ ಬಂದ ಮೇಲೆ ‘ಸಿ’ ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯವಾಯಿತು. 1951ರಲ್ಲಿ ಅಂಥ ರಾಜ್ಯಗಳ ಆಡಳಿತಕ್ಕೇ ಒಂದು ಕಾಯ್ದೆ ಬಂತು. 1952ರ ವಿಧಾನಸಭೆ ಹುಟ್ಟಿದ್ದು ಆ ಕಾಯ್ದೆಯ ಕೆಳಗೆ. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಒಂದೊಂದು ಸಲ ಆಳುವವರು ಬದಲಾದಾಗಲೂ ಕಡತ ಹೋಗುವ ವಿಳಾಸ ಬದಲಾಯಿತು.

ಊರಿನ ಹೆಸರುಗಳ ಕಥೆಯೂ ಹಾಗೇ. ಕುಶಾಲನಗರ ಹಳೆಯ ಕಾಗದದಲ್ಲಿ ಫ್ರೇಸರ್‌ಪೇಟೆ. ವಿರಾಜಪೇಟೆ ಅಲ್ಲಿ ವೀರರಾಜೇಂದ್ರಪೇಟೆ. ಮನೆತನದ ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿದ್ದಾನೆ. ಇದನ್ನು ಹೇಳಿಕೊಡುವವರು ಇಲ್ಲದಿದ್ದರೆ ಎಷ್ಟು ಚುರುಕಾದ ಮಗು ಆದರೂ ಖಾಲಿ ಕೈಯಲ್ಲೇ ವಾಪಸ್ ಬರುತ್ತದೆ. ‘ನಮ್ಮ ಊರಿನ ಬಗ್ಗೆ ಏನೂ ಇಲ್ಲ’ ಎಂದುಕೊಂಡು ಬೇರೆ ವಿಷಯ ತೆಗೆದುಕೊಳ್ಳುತ್ತದೆ. ಹೀಗೆ ವಿಷಯ ಬದಲಿಸಿದ ಐದಾರು ವಿದ್ಯಾರ್ಥಿಗಳನ್ನು ನಾನೇ ನೋಡಿದ್ದೇನೆ. ಒಬ್ಬ ಹುಡುಗ ಜಮ್ಮಾ ಭೂಮಿಯ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಿಡುವಳಿಯ ಬಗ್ಗೆ ಬರೆಯಬೇಕು ಎಂದಿದ್ದ. 1899ರ ಕೂರ್ಗ್ ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ಓದದೆ ಆ ವಿಷಯ ಮುಟ್ಟುವ ಹಾಗಿಲ್ಲ. ಅದರ ಪ್ರತಿ ಅವನಿಗೆ ಸಿಗಲಿಲ್ಲ. ಕೊನೆಗೆ ಗಾಂಧೀಜಿಯ ಗ್ರಾಮಸ್ವರಾಜ್ಯದ ಮೇಲೆ ಹತ್ತು ಪುಟ ಬರೆದು ಕೊಟ್ಟ. ಅವನ ಮನೆಯದ್ದೇ ಜಮ್ಮಾ ಜಾಗ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ಅವನ ಕಥೆ.

ಇಲ್ಲಿ ಒಂದು ಮಾತನ್ನು ನೀವು ಹೇಳುತ್ತೀರಿ ಎಂದು ಗೊತ್ತು: "ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲ!" ನಿಜ, ಬಹಳಷ್ಟು ಸಿಗುತ್ತದೆ. ಸಂವಿಧಾನ ಸಭೆಯ ಚರ್ಚೆಗಳು ಪೂರ್ತಿಯಾಗಿ ಉಚಿತವಾಗಿವೆ. ಆ ಸಭೆಯಲ್ಲಿ ಕೊಡಗಿನ ಪರವಾಗಿ ಕೂತವರೂ ಸಿ.ಎಂ. ಪೂಣಚ್ಚನವರೇ. ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಮೊದಲ ಚುನಾವಣೆಯಿಂದ ಇಲ್ಲಿಯವರೆಗಿನ ಅಂಕಿಅಂಶದ ವರದಿಗಳನ್ನು ಚುನಾವಣಾ ಆಯೋಗ ಹಾಕಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್‌ನಲ್ಲಿ ಕಡತಗಳ ಪಟ್ಟಿ ಇದೆ, ಕೆಲವು ಕಡತಗಳನ್ನು ಅಲ್ಲೇ ಓದಬಹುದು. ರಿಕ್ಟರ್ 1870ರಲ್ಲಿ ಬರೆದ ಕೊಡಗಿನ ಕೈಪಿಡಿ, ಲೂಯಿ ರೈಸ್ ಮಾಡಿದ ಹಳೆಯ ಗೆಜೆಟಿಯರ್ ಕೂಡ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಆದರೆ ಇಷ್ಟು ಹೆಸರುಗಳನ್ನು ನನಗೆ ಯಾರೂ ಒಂದೇ ಕಡೆ ಹೇಳಿಕೊಟ್ಟಿಲ್ಲ. ಒಂದೊಂದನ್ನೂ ಎಡವಿ ಎಡವಿ ಕಂಡುಕೊಂಡೆ. ನನ್ನ ಬಹುಪಾಲು ವಿದ್ಯಾರ್ಥಿಗಳು ಈ ಹೆಸರುಗಳನ್ನು ಕೇಳಿಯೇ ಇಲ್ಲ. ಅವರು ಮೊಬೈಲಿನಲ್ಲಿ ಎರಡು ಪದ ಹಾಕಿ, ಮೊದಲು ಬಂದದ್ದನ್ನು ಬರೆದುಕೊಳ್ಳುತ್ತಾರೆ. ಇದು ಅವರ ತಪ್ಪಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 400 ಪುಟದ ಸ್ಕ್ಯಾನ್ ಮಾಡಿದ ವರದಿ ಇಳಿಸಿಕೊಳ್ಳಲು ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಮಕ್ಕಳು ಇವರು.

2025ರ ಜನವರಿಯಿಂದ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಶುರು ಮಾಡಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದು ಉಚಿತ. ಬಹಳ ಒಳ್ಳೆಯ ಕೆಲಸ. ಆದರೆ ಸಾರ್ವಜನಿಕ ಗ್ರಂಥಾಲಯದ ಓದುಗರಿಗೆ ಅದು ಇಲ್ಲ. ಕಾಲೇಜು ಬಿಟ್ಟು ಮನೆಯಲ್ಲಿ ಕೂತು ಪಿಎಚ್‌.ಡಿ. ಮಾಡುತ್ತಿರುವ ಹೆಣ್ಣುಮಗಳಿಗೆ ಇಲ್ಲ. ಪಂಚಾಯಿತಿ ರಾಜಕೀಯದ ಬಗ್ಗೆ ಬರೆಯುವ ಊರಿನ ಪತ್ರಕರ್ತರಿಗೂ ಇಲ್ಲ. ಅರ್ಹತೆ ಇರುವ ಕಾಲೇಜುಗಳಲ್ಲೂ ಇದನ್ನು ತೆರೆದು ತೋರಿಸಲು ಒಬ್ಬರು ಬೇಕಲ್ಲ? ಖಾಯಂ ಗ್ರಂಥಪಾಲಕರು ಇಲ್ಲದ ಕಾಲೇಜಿನಲ್ಲಿ ಆ ಕೆಲಸ ಯಾರು ಮಾಡುತ್ತಾರೆ?

ಇನ್ನೊಂದು ಮಾತು: "ಓದೋರೇ ಬರಲ್ಲ." ಇದನ್ನು ನಾನು ಒಪ್ಪುವುದಿಲ್ಲ. ಯಾವ ಬೆಳಿಗ್ಗೆ ಬೇಕಾದರೂ ನಮ್ಮ ಗ್ರಂಥಾಲಯಗಳಿಗೆ ಹೋಗಿ ನೋಡಿ. ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬುತ್ತಿ ಕಟ್ಟಿಕೊಂಡು ಬಂದು ಕೂತಿರುತ್ತಾರೆ. ತಮ್ಮದೇ ಗೈಡು ತಂದು ಓದುತ್ತಾರೆ. ಯಾಕೆಂದರೆ ಗ್ರಂಥಾಲಯದಲ್ಲಿ ಅವರಿಗೆ ಬೇಕಾದ್ದು ಇಲ್ಲ, ಇದ್ದರೂ ಬೀರುವಿನಲ್ಲಿದೆ. ಗ್ರಂಥಾಲಯ ಅವರಿಗೆ ಕೊಡುತ್ತಿರುವುದು ಕುರ್ಚಿ ಮತ್ತು ಫ್ಯಾನು ಮಾತ್ರ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ದಾರಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ನಾಲ್ಕನೆಯದು, ಓದುಗರ ಸಮಯ ಉಳಿಸಿ. ಗ್ರಂಥಾಲಯ ವಿಜ್ಞಾನ ಓದಿ ಬಂದ ಪ್ರತಿಯೊಬ್ಬರೂ ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವರೇ. ನನ್ನ ವಿದ್ಯಾರ್ಥಿನಿಯ ಮೂರು ಮಧ್ಯಾಹ್ನಗಳು ಹಾಗೆ ಹೋಗಬಾರದಿತ್ತು.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಇದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲೇ ಬರೆದಿರುತ್ತದೆ. ಅಂದರೆ ಈ ಜಿಲ್ಲೆಯ ಪ್ರತಿ ಮನೆಯೂ ಗ್ರಂಥಾಲಯಕ್ಕೆ ದುಡ್ಡು ಕೊಟ್ಟಿದೆ. ನಾವು ದಾನ ಕೇಳುತ್ತಿಲ್ಲ.

ಈಗ ನನಗೆ ತುಂಬಾ ನೋವು ಕೊಟ್ಟ ವಿಷಯಕ್ಕೆ ಬರುತ್ತೇನೆ. ನಮ್ಮ ನಾಡಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಇದ್ದರು. ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಹರೆಯದ ದಿನಗಳಿಂದ ಕೊಡಗಿನ ಪತ್ರಿಕೆಗಳನ್ನು ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಚುನಾವಣೆ ಕರಪತ್ರ, ವಿಲೀನದ ಪರ ವಿರೋಧದ ಹಾಳೆಗಳು, ಸಭೆಯ ಆಮಂತ್ರಣ, ಎಲ್ಲ. ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದರಿಂದ ಹುಳ ಹಿಡಿದಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಮಕ್ಕಳು ಮನೆ ರಿಪೇರಿಗೆ ಕೈ ಹಾಕಿದರು. ಕಾಗದವನ್ನು ಗ್ರಂಥಾಲಯಕ್ಕೆ ಕೊಡುತ್ತೇವೆ ಎಂದು ಅವರೇ ಜೀಪಿನಲ್ಲಿ ತುಂಬಿಕೊಂಡು ಬಂದರು. "ಜಾಗ ಇಲ್ಲ, ಹಳೇ ಪೇಪರ್ ತಗೊಳ್ಳೋಕೆ ಆರ್ಡರ್ ಇಲ್ಲ" ಎಂಬ ಉತ್ತರ ಸಿಕ್ಕಿತು. ವಾಪಸ್ ಹೋಗಿ ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಇಟ್ಟರು. ನನಗೆ ಸುದ್ದಿ ಸಿಕ್ಕಿ ನಾನು ಹೋಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಕೆಳಗಿನ ಕಟ್ಟುಗಳು ನೆನೆದು ಗಟ್ಟಿ ಮುದ್ದೆಯಾಗಿದ್ದವು. ಮೇಲಿನವನ್ನು ರದ್ದಿಯವನಿಗೆ ಕೊಟ್ಟಾಗಿತ್ತು. ಉಳಿದದ್ದು ಹನ್ನೊಂದು ಹಾಳೆ. ಅವು ಈಗ ನನ್ನ ಬಳಿ ಇವೆ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸುತ್ತೇವಲ್ಲ, ಅದೇ ಬೀರುವಿನಲ್ಲಿ, ಸೀರೆಗಳ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ.

ಇಷ್ಟು ಚಿಂತೆ ಯಾಕೆ ಎಂದು ಕೇಳಬಹುದು. ಕೊಡಗಿನಲ್ಲಿ ಇವತ್ತು ಯಾವ ರಾಜಕೀಯ ಚರ್ಚೆ ಎದ್ದರೂ ಅದರ ಬೇರು ಆ ಹಳೆಯ ಕಾಗದಗಳಲ್ಲಿದೆ. ಜಮ್ಮಾ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು, ಪ್ರತ್ಯೇಕ ರಾಜ್ಯದ ಕೂಗು, 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳ ಭೂಮಿಯ ಪ್ರಶ್ನೆ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ. ಆಗ 24 ಜನ ಪ್ರತಿನಿಧಿಗಳಿದ್ದ ಜಾಗದಲ್ಲಿ ಈಗ ಇಬ್ಬರು ಶಾಸಕರಿದ್ದಾರೆ. ಲೋಕಸಭೆಗೆ ಆಗ ಕೊಡಗಿನದ್ದೇ ಒಂದು ಸ್ಥಾನ ಇತ್ತು. ಈಗ ಮೈಸೂರಿನ ಜೊತೆ ಸೇರಿದ ಕ್ಷೇತ್ರ. ಇದರಿಂದ ಜಿಲ್ಲೆಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ? ನ್ಯಾಯವಾಗಿ ಕೂತು ಓದಿ ಹೇಳಬೇಕಾದ ವಿಷಯ ಇದು. ಓದಲು ಮೂಲ ಸಿಗದಿದ್ದಾಗ ವಾಟ್ಸಾಪಿನಲ್ಲಿ ಬಂದದ್ದೇ ಇತಿಹಾಸವಾಗುತ್ತದೆ. ನನ್ನ ತರಗತಿಯಲ್ಲೇ ಇಬ್ಬರು ಹುಡುಗರು ಫಾರ್ವರ್ಡ್ ಮೆಸೇಜ್ ಹಿಡಿದು ಜಗಳ ಆಡಿದ್ದಾರೆ. ಇಬ್ಬರ ಮೆಸೇಜಿನಲ್ಲೂ ವಿಲೀನದ ವರ್ಷವೇ ತಪ್ಪಿತ್ತು. ಆಗ ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗದ 1955ರ ವರದಿಯಲ್ಲಿ ಕೊಡಗಿನ ಬಗ್ಗೆ ಬರೆದ ಭಾಗವನ್ನು ಜೆರಾಕ್ಸ್ ಮಾಡಿ ತಂದು ಕೊಟ್ಟೆ. ಇಬ್ಬರೂ ಒಂದೇ ಹಾಳೆಯನ್ನು ಹಿಡಿದು ಓದಿದರು. ಜಗಳ ಮುಗಿಯಲಿಲ್ಲ. ಆದರೆ ಅಲ್ಲಿಂದ ಮುಂದೆ ಜಗಳ ಆ ಹಾಳೆಯಲ್ಲಿ ಬರೆದದ್ದರ ಮೇಲೆ ನಡೆಯಿತು.

ಮಾನ್ಯರೇ, ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಮೊದಲು ಬೀರುಗಳ ಬೀಗ ತೆಗೆಸಿ. ಜಿಲ್ಲೆಯ ಪ್ರತಿ ಸಾರ್ವಜನಿಕ ಗ್ರಂಥಾಲಯ, ಪ್ರತಿ ಸರ್ಕಾರಿ ಕಾಲೇಜಿನ ರೆಫರೆನ್ಸ್ ವಿಭಾಗದಲ್ಲಿ ಏನಿದೆ ಎಂದು ಒಂದು ಸಲ ಎಣಿಸಿ ಬರೆಸಿ. "ಇತರೆ – 4" ಎಂದು ಅಲ್ಲ. ಹೆಸರು, ವರ್ಷ, ಸಂಪುಟ, ಈಗ ಯಾವ ಸ್ಥಿತಿಯಲ್ಲಿದೆ, ಇಷ್ಟು ಸಾಕು. ಆ ಪಟ್ಟಿಯನ್ನು ಒಂದೇ ಕಡೆ ಸೇರಿಸಿ, ಎಲ್ಲ ಗ್ರಂಥಾಲಯಗಳಲ್ಲೂ ಒಂದು ಪ್ರತಿ ಇಡಿಸಿ. ಪೊನ್ನಂಪೇಟೆಯ ವಿದ್ಯಾರ್ಥಿಗೆ ತನಗೆ ಬೇಕಾದ ಪುಸ್ತಕ ಸೋಮವಾರಪೇಟೆಯಲ್ಲಿದೆ ಎಂದು ಬಸ್ಸು ಹತ್ತುವ ಮೊದಲೇ ಗೊತ್ತಾಗಬೇಕು.

ಎರಡನೆಯದಾಗಿ, ಗ್ರಂಥಾಲಯ ವಿಜ್ಞಾನ ಓದಿದ ಒಬ್ಬರನ್ನು ರೆಫರೆನ್ಸ್ ಕೆಲಸಕ್ಕೇ ಕೂರಿಸಿ. ಪೂರ್ತಿ ಹುದ್ದೆ ಕೊಡಲು ಆಗದಿದ್ದರೆ ವಾರಕ್ಕೆ ಎರಡು ದಿನವಾದರೂ ಸರಿ. ಯಾವ ದಿನ, ಯಾವ ಹೊತ್ತು ಎಂದು ಬೋರ್ಡ್ ಹಾಕಿ. ಕೊನೆಯ ಬಸ್ಸಿನ ಸಮಯ ನೋಡಿಕೊಂಡು ಆ ಹೊತ್ತನ್ನು ಗೊತ್ತು ಮಾಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಎಷ್ಟೋ ವಿದ್ಯಾರ್ಥಿಗಳು ವಾರವಿಡೀ ತೋಟದ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಸಿಗುವುದು ಭಾನುವಾರ ಮಾತ್ರ. ಆ ಮೂರು ತಿಂಗಳಾದರೂ ಭಾನುವಾರ ಪೂರ್ತಿ ದಿನ ತೆರೆದಿಡಿ.

ಕೊಡಗಿನ ಲೆಜಿಸ್ಲೇಟಿವ್ ಕೌನ್ಸಿಲ್ ಮತ್ತು ವಿಧಾನಸಭೆಯ ನಡಾವಳಿಗಳನ್ನು ಎಲ್ಲೆಲ್ಲಿ ಇವೆಯೋ ಅಲ್ಲಿಂದ ಪ್ರತಿ ಮಾಡಿಸಿ, ಒಂದು ಪೂರ್ತಿ ಸೆಟ್ ಮಡಿಕೇರಿಗೆ ತರಿಸಿ. ಇದು ನನ್ನ ದೊಡ್ಡ ಬೇಡಿಕೆ. ಇದಕ್ಕೆ ಶಾಸಕರ ಒಂದು ಪತ್ರ ಬೇಕು, ಬೆನ್ನು ಹತ್ತುವ ಒಬ್ಬ ಅಧಿಕಾರಿ ಬೇಕು. ಆ ಮಾತುಗಳನ್ನು ಆಡಿದ್ದು ಇದೇ ಊರಿನಲ್ಲಿ. ಅವು ಇದೇ ಊರಿನಲ್ಲಿ ಓದಲು ಸಿಗಬೇಕು. ಅದರ ಜೊತೆಗೆ, ಸರ್ಕಾರಿ ಕಾಲೇಜುಗಳಲ್ಲಿ ಸಿಗುವ ವಿದ್ವತ್ ಪತ್ರಿಕೆಗಳನ್ನು ಹೊರಗಿನ ಓದುಗರೂ ಬಂದು, ಅಲ್ಲೇ ಕೂತು ನೋಡಲು ಸಾಧ್ಯವೇ ಎಂದು ಮೇಲಿನವರನ್ನು ಕೇಳಿ. ಒಂದು ಕಂಪ್ಯೂಟರ್, ಕರೆಂಟು ಹೋದಾಗ ನಡೆಸಲು ಒಂದು ಯುಪಿಎಸ್, ಇಷ್ಟಾದರೆ ಶುರು ಮಾಡಬಹುದು.

ಪುಸ್ತಕ ಉಳಿಸುವ ವಿಷಯದಲ್ಲಿ ನಮ್ಮ ಮನೆಗಳ ಹೆಂಗಸರನ್ನು ಕೇಳಿದರೂ ಸಾಕು. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬಟ್ಟೆ, ಉಪ್ಪು, ಹಪ್ಪಳ ಕಾಪಾಡುವುದು ಹೇಗೆ ಎಂದು ಅವರಿಗೆ ಗೊತ್ತು. ಗೋಡೆಗೆ ತಾಗದ ಹಾಗೆ ಬೀರು ಇಡಬೇಕು, ಒಳಗೆ ಗಾಳಿ ಆಡಬೇಕು, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಬೇಕು. ತೇವ ಹೀರುವ ಯಂತ್ರ ಒಂದನ್ನು ಕೊಂಡರೆ ಇನ್ನೂ ಒಳ್ಳೆಯದು. ಅಂಟಿಕೊಂಡ ಪುಟಗಳನ್ನು ಮಾತ್ರ ದಯವಿಟ್ಟು ಯಾರೂ ಎಳೆಯಬೇಡಿ. ಅದಕ್ಕೆ ತಿಳಿದವರನ್ನು ಕರೆಸಿ. ಹಾಳಾಗಿದೆ ಎಂದು ಯಾವುದನ್ನೂ ಪಟ್ಟಿಯಿಂದ ತೆಗೆದು ಹರಾಜಿಗೆ ಹಾಕಬೇಡಿ. ಹಾಕುವ ಮೊದಲು ಜಿಲ್ಲೆಯ ರಾಜ್ಯಶಾಸ್ತ್ರ, ಇತಿಹಾಸ ಉಪನ್ಯಾಸಕರಲ್ಲಿ ಒಬ್ಬರನ್ನಾದರೂ ಕರೆದು ತೋರಿಸಿ.

ಜಿಲ್ಲೆಯ ಜನರಲ್ಲೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ, ಅಜ್ಜನ ಟ್ರಂಕಿನಲ್ಲಿ ಕಾಗದ ಇದ್ದರೆ ಸುಡಬೇಡಿ, ರದ್ದಿಗೆ ಹಾಕಬೇಡಿ. ಕರಪತ್ರ, ಮತದಾರರ ಪಟ್ಟಿ, ಸಂಘದ ನಡಾವಳಿ ಪುಸ್ತಕ, ಊರಿನ ಕೂಟದ ಲೆಕ್ಕ, ಯಾವುದೂ ಬೇಡದ್ದಲ್ಲ. ತೋಟದ ಲೈನಿನಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇರುವವರ ಬಳಿ ಕಾಗದ ಕಡಿಮೆ, ನೆನಪು ಜಾಸ್ತಿ. ಅದನ್ನು ಬರೆದುಕೊಳ್ಳಲು ನಮ್ಮ ವಿದ್ಯಾರ್ಥಿಗಳು ಬಂದರೆ ದಯವಿಟ್ಟು ಎರಡು ಮಾತಾಡಿ.

ನನ್ನ ವಿದ್ಯಾರ್ಥಿನಿಯ ಪ್ರಾಜೆಕ್ಟ್ ಮುಗಿಯಿತು. ಆ ನಾಲ್ಕು ಸಂಪುಟಗಳಲ್ಲಿ ಸಿಕ್ಕಷ್ಟರಿಂದಲೇ 22 ಪುಟ ಬರೆದಳು. ಕೊನೆಯ ಪುಟದಲ್ಲಿ, "ಸಭೆಯಲ್ಲಿ ತೋಟದ ಕಾರ್ಮಿಕರ ಬಗ್ಗೆ ಮಾತಾಡಿದ್ದಾರೆಯೇ ಎಂಬುದಕ್ಕೆ ನಡಾವಳಿ ಓದಬೇಕು, ಅದು ನನಗೆ ಸಿಗಲಿಲ್ಲ" ಎಂದು ಬರೆದಿದ್ದಾಳೆ. ಅವಳು ಈಗ ಎಂ.ಎ. ಸೇರಿದ್ದಾಳೆ. ಅದೇ ಪ್ರಶ್ನೆಯನ್ನು ಮುಂದುವರಿಸುತ್ತಾಳಂತೆ.

ಪಟ್ಟಿ ಮಾಡುವ ಕೆಲಸಕ್ಕೆ ಜನ ಇಲ್ಲ ಎಂದು ನೀವು ಹೇಳುವುದಾದರೆ, ನಾನು ಬರುತ್ತೇನೆ. ನನ್ನ ಆರು ವಿದ್ಯಾರ್ಥಿಗಳು ಬರಲು ಒಪ್ಪಿದ್ದಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ನಮಗೆ ಅನುಕೂಲ. ಪುಸ್ತಕ, ಪೆನ್ನು, ಒರೆಸುವ ಬಟ್ಟೆ ನಾವೇ ತರುತ್ತೇವೆ. ಬೀರುಗಳ ಕೀ ಯಾರ ಹತ್ತಿರ ಇದೆ ಎಂದು ಮಾತ್ರ ದಯವಿಟ್ಟು ಮೊದಲೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರದ ಒಬ್ಬ ಅತಿಥಿ ಉಪನ್ಯಾಸಕಿ,
ಕೊಡಗು